ವಖಾರದ ಹೊರಗೊಂಡಿ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆಡುತ್ತೇನೆ, ಅದಕ್ಕೇ ಕೂತಿದ್ದೇನೆ. ಆದರೆ ಮೊದಲು ಈ ಹೆಂಗಸಿನ ಮೇಲೆ ನನಗಿದ್ದ ಸಿಟ್ಟನ್ನು ಹೇಳಿ ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ಹೊಗಳಿಕೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕಚೇರಿಯೊಳಗೆ ಗುಟ್ಟು ಹೇಳಿದರೆ ರಸ್ತೆಯ ಆಚೆಗಿನ ಪಾನ್ ಅಂಗಡಿಯವನು ಹೂಂಗುಡುತ್ತಿದ್ದ. ಹನ್ನೊಂದು ಗಂಟೆಗೇ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದರು. ಎದುರಿಗೆ ಯಾವ ಸಾಹೇಬ ಕೂತಿದ್ದರೂ ಸರಿ. ತಪಾಸಣೆಗೆ ಹೋದಲ್ಲಿ ಯಾರ ಚಹಾವನ್ನೂ ಮುಟ್ಟುತ್ತಿರಲಿಲ್ಲ, ನನಗೂ ಮುಟ್ಟಗೊಡುತ್ತಿರಲಿಲ್ಲ. ಒಮ್ಮೆ ಅಥಣಿ ಕಡೆಯ ಅನಂತಪುರದಲ್ಲಿ ಒಂದು ಬೆಲ್ಲದ ಗಾಣ ನೋಡಿ ಬಸ್ಸು ಹತ್ತಿದ್ದೆವು. ಗಾಣದವನು ನಾನು ನೋಡದಾಗ ನನ್ನ ಚೀಲದಲ್ಲಿ ಒಂದು ಬೆಲ್ಲದ ಪೆಂಟಿ ಇಟ್ಟಿದ್ದ. ನಾನು ನೋಡಲಿಲ್ಲ ಅನ್ನುವುದು ಅರ್ಧ ಸುಳ್ಳು. ವಾಸನೆ ಅವರ ಮೂಗಿಗೆ ಬಡಿಯಿತು. "ಇಳಿ" ಅಂದರು. ಉರಿಬಿಸಿಲಲ್ಲಿ ಬಂದ ದಾರಿಯನ್ನೇ ಹಿಡಿದು ನಡೆದೆವು.

"ಮನಿ ಮಕ್ಕಳಿಗೆ ಅಂತ ಕೊಟ್ಟೇನ್ರಿ ಬಾಯಾರ" ಎಂದು ಗಾಣದವನು ಗೋಗರೆದ.

"ಮಕ್ಕಳಿಗೆ ಬೆಲ್ಲ ನಾ ಪ್ಯಾಟ್ಯಾಗ ಕೊಡಸ್ತೀನಪಾ. ನೀ ಆ ಕುದಿಯೂ ಕೊಪ್ಪರಿಗಿ ಸುತ್ತ ಕಟ್ಟಿ ಕಟ್ಟಸು. ಯಾರರೆ ಕಾಲು ಜಾರಿ ಬಿದ್ದಾರು."

ಅವನು ಕಟ್ಟಿಸಿದ ಅನ್ನಿ. ನನ್ನ ಹಿಮ್ಮಡಿಯ ಬೊಬ್ಬೆ ಮಾತ್ರ ವಾರ ಆರಲಿಲ್ಲ.

ಹೋದ ತಿಂಗಳು ರಾಯಬಾಗದ ಹತ್ತಿರದ ಅವರ ಊರಿಗೆ ಮಣ್ಣಿಗೆ ಹೋಗಿದ್ದೆ. ಅವರದು ಬೌದ್ಧರ ಮನೆ. ತಾಯಿ ಮಂದಿಯ ಹೊಲದಲ್ಲಿ ಕೂಲಿ ಮಾಡಿ ಓದಿಸಿದವರು. ಆ ಮನೆಯಲ್ಲಿ ಸರಕಾರಿ ಪಗಾರ ತಂದವರಲ್ಲಿ ಇವರೇ ಮೊದಲಿಗರು. ವಂದನೆ ಮುಗಿದ ಮೇಲೆ ಒಬ್ಬ ಹುಡುಗಿ ನನ್ನ ಕೈ ಹಿಡಿದು, "ನಮ್ಮ ಅತ್ತಿ ಬಗ್ಗೆ ಏನರೆ ಬರೀರಿ, ನೀವು ಜೋಡಿ ಇದ್ದಿರಲ್ಲ" ಅಂದಳು. ಬರೆಯುತ್ತೇನೆ ಅಂದೆ. ಆದರೆ ಹೆಸರು ಹಾಕುವುದಿಲ್ಲ. ದೂರು ಕೊಟ್ಟವರ ಹೆಸರನ್ನು ಅವರು ಜನ್ಮದಲ್ಲಿ ಒಮ್ಮೆಯೂ ಕಾಗದಕ್ಕೆ ಇಳಿಸಲಿಲ್ಲ. "ತಪ್ಪು ಬರಿ, ಜಾಗಾ ಬರಿ, ಹೆಸರು ನಿನ್ನ ಹೊಟ್ಯಾಗ ಇಟಗೋ" ಎಂದು ನನ್ನನ್ನು ಬೈಯುತ್ತಿದ್ದರು. ಹಾಗಾಗಿ ಅವರ ಹೆಸರೂ ನನ್ನ ಹೊಟ್ಟೆಯಲ್ಲೇ ಇರಲಿ.

ಅವರು ಕಾರ್ಮಿಕ ನಿರೀಕ್ಷಕಿಯಾಗಿ ನಮ್ಮ ಕಚೇರಿಗೆ ಬಂದಾಗ ನಾನು ಅಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಕಚೇರಿ ಯಾವ ಊರಲ್ಲಿತ್ತು ಅನ್ನುವುದೂ ಬೇಡ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಸೀಮೆಯಲ್ಲಿ ನಮ್ಮ ಚಪ್ಪಲಿ ಸವೆದಿವೆ ಅಂದರೆ ಸಾಕು.

ಬಂದ ಮೊದಲ ವಾರವೇ ವಾರ್ಷಿಕ ತಖ್ತೆ ಕಳಿಸುವ ದಿನ ಬಂತು. ಎಷ್ಟು ಕಡೆ ತಪಾಸಣೆ, ಏನೇನು ತಪ್ಪು, ದುಡಿಯುವವರಿಂದ ಏನೇನು ದೂರು ಎಂದು ತುಂಬುವ ಮನೆಗಳ ಹಾಳೆ ಅದು. ನಾನು ಹಿಂದಿನ ವರ್ಷದ್ದನ್ನು ತೆರೆದು ವರ್ಷ ತಿದ್ದಿ, ಉಳಿದ ಮನೆಗಳಲ್ಲಿ ‘ನಿರಂಕ’ ಎಂದು ಇದ್ದದ್ದನ್ನು ಹಾಗೇ ಬಿಟ್ಟೆ. ನಿರಂಕ ಅಂದರೆ ಏನೂ ಇಲ್ಲ, ಎಲ್ಲ ಸುಖರೂಪ. ನನಗಿಂತ ಮುಂಚೆ ಇದ್ದವರೂ ಹಾಗೇ ಮಾಡಿದ್ದರು. ಅವರು ಹಾಳೆ ನೋಡಿ ಕನ್ನಡಕ ತೆಗೆದರು.

"ಇದು ಎಲ್ಲಿಗೆ ಹೋಗತೈತಿ?"

"ಮ್ಯಾಲಿನ ಆಫೀಸಿಗ್ರಿ."

"ಅಲ್ಲಿಂದ?"

"ಬೆಂಗಳೂರಿಗೆ."

"ಅಲ್ಲಿಂದ?"

"ದಿಲ್ಲಿಗೆ ಇರಬೇಕ್ರಿ. ನಾ ಏನ್ ಅದರ ಬೆನ್ನ ಹತ್ತಿ ಹೋಗೀನೇನ್ರಿ?"

ಅವರಿಗೆ ನಗು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. "ದಿಲ್ಲಿಯಿಂದ ಜಿನೀವಾಕ್ಕ ಹೋಗತೈತಿ. ಅಲ್ಲಿ ಎಲ್ಲಾ ದೇಶದಾವ್ರು ಕೂಡಿ ಕಟ್ಟಿದ್ದೊಂದು ಕಾರ್ಮಿಕರ ಸಂಸ್ಥೆ ಐತಿ. ದುಡಿಯೂ ಜಾಗಾಕ್ಕ ಹೇಳದ ಕೇಳದ ಹೋಗಿ ನೋಡತೀವಿ, ಕಂಡದ್ದ ಬರೀತೀವಿ, ಬರದದ್ದ ಕಳಸ್ತೀವಿ ಅಂತ ನಮ್ಮ ದೇಶ ಅಲ್ಲಿ ಸಹಿ ಮಾಡಿ ಬಂದೈತಿ. ನೀ ಇಲ್ಲಿ ಕುಂತು ನಿರಂಕ ಅಂತ ಬಡದ್ರ, ದೇಶ ಅಲ್ಲಿ ನಿಂತು ಸುಳ್ಳ ಹೇಳಿದಂಗ."

ಅಂದೇ ಕೊನೆಯ ದಿನ, ಆ ಸಲದ ಹಾಳೆ ನಿರಂಕವಾಗಿಯೇ ಹೋಯಿತು. ಅವರು ಅತ್ತ ಹೋದ ಕೂಡಲೇ ‘ಜಿನೀವಾ ಬಾಯಾರು’ ಎಂದು ಹೆಸರಿಟ್ಟೆ, ಮೇಡಮ್ಮಿಗೆ ನಮ್ಮ ಕಡೆ ಬಾಯಾರು ಅನ್ನುತ್ತಾರೆ. ಆ ಹೆಸರು ಕಚೇರಿಯ ಸಿಪಾಯಿ ಇಟ್ಟದ್ದು ಎಂದು ಅವನ ತಲೆಗೆ ಕಟ್ಟಿದ್ದೆ. ಅವರು ಸಾಯುವತನಕ ಹಾಗೇ ನಂಬಿದ್ದರು, ಅಥವಾ ನಂಬಿದಂತೆ ನಟಿಸಿದ್ದರು.

ಅವರ ಹತ್ತಿರ ಒಂದು ಶಾಲೆ ಮಕ್ಕಳ ನೋಟುಬುಕ್ಕಿತ್ತು. ದೇಶ ಜಿನೀವಾದಲ್ಲಿ ಸಹಿ ಮಾಡಿದ ಆ ಒಡಂಬಡಿಕೆಯ ಇಂಗ್ಲಿಷ್ ಕಲಮುಗಳನ್ನು ಡಿಕ್ಷನರಿ ಹಿಡಿದು, ರಾತ್ರಿ ಹಗಲು ಒದ್ದಾಡಿ ತಮ್ಮದೇ ಕನ್ನಡಕ್ಕೆ ಇಳಿಸಿಕೊಂಡಿದ್ದರು. ಯಾವ ಸಾವಕಾರ "ಯಾರನ್ನ ಕೇಳಿ ಒಳಗ ಬಂದ್ರಿ?" ಅಂದರೂ ಆ ಪುಟ ಬಿಚ್ಚಿ ಮುಖಕ್ಕೆ ಹಿಡಿಯುತ್ತಿದ್ದರು. "ಸಹಕಾರ ಅಂದ್ರ ದಿಲ್ಲ್ಯಾಗ ಕೈ ಕುಲುಕಿ ಫೋಟೋ ಹೊಡಿಸಿಕೊಳ್ಳೂದಲ್ಲ. ಆ ಸಹಿ ಇಲ್ಲೀತನಕ ನಡಕೊಂತ ಬರಬೇಕು" ಎಂದು ನೆಲ ತೋರಿಸುತ್ತಿದ್ದರು. ಈಗ ಬರೆಯುವಾಗ ಸರಿ ಅನ್ನಿಸುತ್ತದೆ. ಆಗ ನನಗೆ ಐದೂವರೆಯ ಬಸ್ಸಿನ ಚಿಂತೆ.

ಅವರ ತಪಾಸಣೆಯ ರೀತಿಯೇ ಬೇರೆ. ಬೇರೆ ನಿರೀಕ್ಷಕರು ಬಾಗಿಲಲ್ಲಿ ನಿಂತು ರಿಜಿಸ್ಟರ್ ತರಿಸುತ್ತಿದ್ದರು. ಇವರು ಒಳಗೆ ಹೋಗಿ, ದುಡಿಯುವ ಹೆಂಗಸರ ಪಕ್ಕದಲ್ಲಿ ನೆಲಕ್ಕೆ ಕೂತುಬಿಡುತ್ತಿದ್ದರು. ಒಂದು ತಾಸು. ಪೆನ್ನು ತೆಗೆಯುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಅವರು ಮಾಡುವ ಕೆಲಸವನ್ನೇ ಕೈಲಾದಷ್ಟು ಮಾಡುತ್ತಿದ್ದರು. ತಾಸಿನ ಮೇಲೆ ಮಾತು. "ಮೊದಲಿನ ಹತ್ತು ಮಿನಿಟು ಎಲ್ಲಾ ಕಡೆ ಛೊಲೋನ ಕಾಣತೈತಿ" ಅನ್ನುತ್ತಿದ್ದರು.

ನಿಪ್ಪಾಣಿ ಸೀಮೆಯ ಒಂದು ತಂಬಾಕಿನ ವಖಾರಕ್ಕೆ ಹೀಗೇ ಹೋದೆವು. ದೊಡ್ಡ ಗೋದಾಮು. ಒಳಗೆ ಹದಿನಾರು ಹೆಂಗಸರು ಸಾಲಾಗಿ ಕೂತು ಒಣತಂಬಾಕನ್ನು ಜರಡಿ ಹಿಡಿಯುತ್ತಿದ್ದರು. ಕಿಟಕಿ ಎಲ್ಲ ಮುಚ್ಚಿದ್ದವು, ಗಾಳಿ ಬಂದರೆ ಮಾಲು ಹಾರುತ್ತದೆ. ನಾನು ಮೂರನೇ ನಿಮಿಷಕ್ಕೇ ಸೀನಲು ಶುರು ಮಾಡಿದೆ. ಕಣ್ಣು, ಮೂಗು, ಗಂಟಲು ಎಲ್ಲಾ ಘಾಟು. ಸೆರಗು ಮುಚ್ಚಿ, ಈ ಹೆಂಗಸಿನ ತಪಾಸಣೆಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಅವರು ಮಾತ್ರ ಜರಡಿ ಆಡಿಸುತ್ತಾ ಕೂತಿದ್ದರು, ಕಣ್ಣಲ್ಲಿ ಧಾರಾಕಾರ ನೀರು.

ತಾಸಾದ ಮೇಲೆ ತಮ್ಮ ನೀರಿನ ಬಾಟಲಿ ತೆಗೆದು ಪಕ್ಕದ ಹೆಂಗಸಿಗೆ ಕೊಟ್ಟರು. ಅವಳು ಬೇಡ ಅಂದಳು. ಅವಳ ಪಕ್ಕದವಳೂ ಬೇಡ ಅಂದಳು. ಅಂಥ ಘಾಟಿನಲ್ಲಿ ಹದಿನಾರು ಮಂದಿಯಲ್ಲಿ ಒಬ್ಬಳೂ ಒಂದು ಗುಟುಕು ಕುಡಿಯಲಿಲ್ಲ. ಅವರು ಸುಮ್ಮನೆ ಎದ್ದು ಬಾಗಿಲಿಗೆ ಹೋಗಿ ನಿಂತರು. ಒಳಗಿನ ಕೊಂಡಿ ತುಕ್ಕು ಹಿಡಿದು ಅಲುಗಾಡುತ್ತಿರಲಿಲ್ಲ. ಹೊರಗಿನ ಕೊಂಡಿ ದಿನಾ ತಿಕ್ಕಿದ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಿತ್ತು.

"ಇದನ್ನ ಯಾವಾಗ ಹಾಕತೀರಿ?" ಎಂದು ಮುಕಾದಮನನ್ನು ಕೇಳಿದರು. ಹೆಂಗಸರಿಂದ ಕೆಲಸ ಮಾಡಿಸುವವನು ಅವನು.

"ಎಲ್ಲೀದ್ರಿ, ಬಾಗಿಲಾ ಯಾವಾಗ್ಲೂ ತೆರದಾ ಇರತೈತಿ. ಈಗೂ ತೆರದೈತಿ ನೋಡ್ರಿ."

ನಿಜ, ಆಗ ತೆರೆದಿತ್ತು. ಮುಂದಿನ ಎರಡು ಸಲ ಹೋದಾಗಲೂ ತೆರೆದಿತ್ತು. ನಮ್ಮ ಬಸ್ಸು ಊರಿಗೆ ಬರುವ ಮೊದಲೇ ಸುದ್ದಿ ಬರುತ್ತಿತ್ತು.

ಸತ್ಯ ತಿಳಿದದ್ದು ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ. ಆ ದಿನ ಬಾಟಲಿ ಬೇಡ ಅಂದವಳು ನಮ್ಮ ಹಿಂದೆಯೇ ಬಂದಿದ್ದಳು. ಶೇವಂತಾ ಅಂತ ಕರೆಯುತ್ತೇನೆ, ನಿಜದ ಹೆಸರಲ್ಲ. ಐವತ್ತು ದಾಟಿದವಳು, ಅಕ್ಕೋಳ ಕಡೆಯವಳು.

"ಜರಡಿ ಸುರು ಆತಂದ್ರ ವಾಚಮನ್ ಹೊರಗಿಂದ ಕೊಂಡಿ ಹಾಕತಾನ್ರಿ ಬಾಯಾರ. ಗಾಳಿಗೆ ಬಾಗಿಲಾ ತಗೀಬಾರ್ದು, ನಾವೂ ಹೊರಗ ಅಡ್ಡಾಡಬಾರ್ದು. ತಗಿಯೂದು ಮಧ್ಯಾನ ಊಟಕ್ಕ. ಒಂದಕ್ಕ ಹೋಗಾಕ ಆಗೂದಿಲ್ಲ ಅಂತ ಮುಂಜಾನಿಂದ ನೀರ ಕುಡಿಯೂದಿಲ್ರಿ."

ಆಮೇಲೆ ತಡೆದು ತಡೆದು ಹೇಳಿದಳು. ಹೋದ ಬೇಸಿಗೆಯಲ್ಲಿ ಅವಳ ಸೊಸೆ, ಐದು ತಿಂಗಳ ಬಸುರಿ, ಅದೇ ಸಾಲಿನಲ್ಲಿ ಕೂತಲ್ಲೇ ತಲೆಸುತ್ತಿ ಬಿದ್ದಿದ್ದಳು. ಎಲ್ಲರೂ ಬಾಗಿಲು ಬಡಿದರು. ವಾಚಮನ್ ಚಹಾಕ್ಕೆ ಹೋಗಿದ್ದ. ಅವನು ಬರುವತನಕ ಅವಳು ನೆಲದ ಮೇಲೇ ಬಿದ್ದಿದ್ದಳು. ಜೀವ ಉಳಿಯಿತು, ಕೂಸೂ ಉಳಿಯಿತು.

"ಹಬ್ಬ ಆದ ಮ್ಯಾಲ ಹೊಳ್ಳಿ ಕೆಲಸಕ್ಕ ಬರತಾಳ್ರಿ. ಬರದಿದ್ರ ನಡಿಯೂದಿಲ್ಲ. ಆಕಿ ಬರೂದ್ರಾಗ ಆ ಕೊಂಡಿ ಹೋಗಬೇಕು. ನನ್ನ ಹೆಸರ ಮಾತ್ರ ಬರೀಬ್ಯಾಡ್ರಿ, ಅತ್ತಿ ಸೊಸಿ ಇಬ್ಬರ್ನೂ ನಾಳೆನ ಬಿಡಿಸ್ತಾರ."

"ಬರಿಯೂದಿಲ್ಲವ್ವಾ" ಅಂದರು ಬಾಯಾರು. ಜನ್ಮದಲ್ಲಿ ಅದೊಂದೇ ಸಲ ಅವರು ಮೆಲ್ಲಗೆ ಮಾತಾಡಿದ್ದು ಕೇಳಿದ್ದೇನೆ.

ಆ ಸೊಸೆ ಬಿದ್ದ ವರ್ಷದ ತಖ್ತೆಯಲ್ಲಿ ನಿರಂಕ ಅಂತ ಬರೆದವಳು ನಾನು. ಬಸ್ಸಿನಲ್ಲಿ ಕೂತಾಗ ಅದು ನೆನಪಾಯಿತು. ಅವರಿಗೆ ಹೇಳಿದೆ. "ಗೊತ್ತೈತಿ" ಅಂದರು, ಕಿಟಕಿಯಾಚೆ ನೋಡುತ್ತಾ. ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ.

ಹೊರಗಿನ ಕೊಂಡಿಯ ವಿಷಯ ಬರೆದು ಕಳಿಸಿದರು. ಮೇಲಿನ ಕಚೇರಿಯ ಸಾಹೇಬರು ವಾಪಸ್ಸು ಕಳಿಸಿದರು: ಸಾಕ್ಷಿ ಏನು? ಕಳೆದ ವರ್ಷ ನಿರಂಕವಿದ್ದದ್ದು ಈ ವರ್ಷ ಏಕೆ ಬದಲಾಯಿತು, ಕಾರಣ ಕೊಡಿ. ಇವರು ಮತ್ತೆ ಕಳಿಸಿದರು. ಅದೂ ತಿರುಗಿ ಬಂತು. ಮೂರನೇ ಸಲ ಕಳಿಸುವಾಗ, "ಬಾಯಾರ, ಗ್ವಾಡಿಗೆ ತಲಿ ಯಾಕ ಬಡಕೋತೀರಿ?" ಅಂದೆ. "ಗ್ವಾಡಿ ಅಲ್ಲ, ಬಾಗಿಲಾ ಅದು. ಬಡದ್ರ ಯಾರರೆ ಕೇಳತಾರ" ಅಂದರು. ನಾನು ಟೈಪು ಮಾಡಿದೆ. ಮಾಡದಿದ್ದರೆ ಬಿಡಬೇಕಲ್ಲ!

ಅಷ್ಟರಲ್ಲಿ ಜಿನೀವಾದ ಸಂಸ್ಥೆಯವರೇ ಬರುವ ಸುದ್ದಿ ಬಂತು. ನಮ್ಮ ದೇಶದ ತಪಾಸಣೆ ಹೇಗೆ ನಡೆಯುತ್ತದೆ ನೋಡಲು ಒಬ್ಬ ವಿದೇಶಿ ಹೆಂಗಸು ಬರುತ್ತಾಳಂತೆ, ಸರಕಾರವೇ ಆಮಂತ್ರಣ ಕೊಟ್ಟಿದೆಯಂತೆ. ಮೇಲಿನ ಸಾಹೇಬರು ತೋರಿಸಲಿಕ್ಕೆ ಆರಿಸಿದ್ದು ಯಾವ ಜಾಗ ಅಂದುಕೊಂಡಿರಿ? ಅದೇ ವಖಾರ. ಕೊಗನೊಳ್ಳಿ ಕಡೆ ಹೋಗುವ ಹೆದ್ದಾರಿಗೆ ಹತ್ತಿರ, ಮುಂದಿನ ಕಟ್ಟಡಕ್ಕೆ ಹೊಸ ಟೈಲ್ಸು. ಬಾಯಾರು ಹೂಂ ಅಂದರು. ಒಂದೇ ಮಾತು ಕೇಳಿಕೊಂಡರು: ಬಂದವರು ಒಂದು ತಾಸು ಕೂರಲಿ, ಜರಡಿ ದಿನದಂತೆ ನಡೆಯಲಿ. "ಹತ್ತು ನಿಮಿಷ ಸಾಕು" ಎಂದು ಸಾಹೇಬರು ಅದನ್ನು ಹೊಡೆದುಹಾಕಿದರು.

ಆ ದಿನ ವಖಾರಕ್ಕೆ ಮದುವೆ ಮನೆಯ ಕಳೆ. ಹೆಂಗಸರ ಬಾಯಿಗೆ ಹೊಸ ಮಾಸ್ಕು. ಕಿಟಕಿಗಳನ್ನೆಲ್ಲ ಸುತ್ತಿಗೆಯಿಂದ ಬಡಿದು ತೆರೆದಿದ್ದರು, ವರ್ಷಗಳ ಜೇಡರಬಲೆ ಹೊರಗೆ ತೂಗುತ್ತಿತ್ತು. ಸಾವಕಾರರು ಮುಂದಿನ ಕಟ್ಟಡದಲ್ಲಿ ನಾಷ್ಟಾ ಹಚ್ಚಿಸುತ್ತಿದ್ದರು. ಸಾಹೇಬರೇ ಬಂದವಳ ಇಂಗ್ಲಿಷಿಗೂ ನಮ್ಮ ಮಂದಿಯ ಕನ್ನಡಕ್ಕೂ ನಡುವೆ ನಿಂತರು. ಬಾಯಾರು ಯಾರನ್ನೂ ಕೇಳದೆ ಶೇವಂತಾಳ ಪಕ್ಕ ನೆಲಕ್ಕೆ ಕೂತರು. ಅದನ್ನು ನೋಡಿ ಬಂದವಳೂ ಕೂತಳು. ಸಾಹೇಬರು ಇಸ್ತ್ರಿ ಪ್ಯಾಂಟು ನೋಡಿಕೊಂಡು ನಿಂತೇ ಇದ್ದರು.

ಜರಡಿ ಶುರುವಾಯಿತು. ಹೆದ್ದಾರಿ ಕಡೆಯಿಂದ ಗಾಳಿ ನುಗ್ಗಿತು ನೋಡಿ, ತಂಬಾಕಿನ ಪುಡಿಯೆಲ್ಲ ಎದ್ದು ಗಿರಗಿರ ತಿರುಗಿತು. ವರ್ಷಾನುಗಟ್ಟಲೆಯ ರೂಢಿ, ಎಲ್ಲಿ ಹೋಗುತ್ತದೆ? ಹೆಂಗಸರೇ ಕೂಗಿದರು, "ಅಗ ಬಾಯಿ! ಮಾಲ ಹಾರತೈತಿ, ಕಿಡಕಿ ಹಾಕ್ರಿ, ಕಿಡಕಿ ಹಾಕ್ರಿ!" ಮುಕಾದಮ ಪರದೇಶದವಳನ್ನೂ ಮರೆತ, ಸಾಹೇಬರನ್ನೂ ಮರೆತ, ಓಡಿ ಹೋಗಿ ಧಡಾಧಡಾ ಕಿಟಕಿ ಮುಚ್ಚಿದ. ಹೊರಗಿದ್ದ ವಾಚಮನ್ನನಿಗೆ ಕಿಟಕಿ ಮುಚ್ಚಿದ್ದೂ ಜರಡಿಯ ಸಪ್ಪಳವೂ ಕೇಳಿತು. ಬಂದವರು ನಾಷ್ಟಾಕ್ಕೆ ಹೋದರು ಅಂದುಕೊಂಡನೋ ಏನೋ, ದಿನಾ ಮಾಡುವುದನ್ನೇ ಮಾಡಿದ. ಬಾಗಿಲು ಎಳೆದ, ಕೊಂಡಿ ಹಾಕಿದ, ಡ್ರೈವರುಗಳ ಜೊತೆ ಚಹಾಕ್ಕೆ ಹೋದ. ಊಟದ ತನಕ ಅವನ ಕೆಲಸ ಮುಗಿದಿತ್ತು.

ಐದು ನಿಮಿಷಕ್ಕೆ ಸಾಹೇಬರು ಕೆಮ್ಮುತ್ತಾ ಬಾಗಿಲಿಗೆ ಹೋದರು. ತೆರೆಯಲಿಲ್ಲ. ಫೋನು ತೆಗೆದರು, ಆ ಗೋಡೆಗಳೊಳಗೆ ನೆಟ್‌ವರ್ಕ್ ಎಲ್ಲಿಯದು? ಮುಕಾದಮ, "ಲೇ, ಕೊಂಡಿ ತಗಿ ಲೇ!" ಎಂದು ಬಡಿದ, ಒದ್ದ. ಯಾರೂ ಬರಲಿಲ್ಲ. ಬಂದವಳು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಾ ಶೇವಂತಾಳನ್ನೇ ನೋಡಿ ಏನೋ ಕೇಳಿದಳು.

"ಒಳಗೆ ಯಾರಿಗಾದರೂ ತೊಂದರೆಯಾದರೆ ಬಾಗಿಲು ಯಾರು ತೆಗೆಯುತ್ತಾರೆ ಅಂತ ಕೇಳ್ತಿದ್ದಾರೆ" ಅಂದರು ಸಾಹೇಬರು. ಕಣ್ಣಲ್ಲಿ ಮಾತ್ರ, ನೋಡಿಕೊಂಡು ಮಾತಾಡು ಎಂದಿತ್ತು.

ಶೇವಂತಾ ಬಾಯಾರ ಕಡೆ ತಿರುಗಿದಳು. ಬಾಯಾರು ತಲೆ ಎತ್ತಲಿಲ್ಲ. ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಶೇವಂತಾ ಜರಡಿ ಕೆಳಗಿಟ್ಟು ಮಾಸ್ಕು ಕಿತ್ತಳು.

"ಯಾರೂ ತಗಿಯೂದಿಲ್ರಿ. ದಿನಾ ಹಿಂಗ. ಬಸರಿ ಹೆಣ್ಣಮಗಳು ಇಲ್ಲೇ ಬಿದ್ಲು, ಹಿಂಗಾ ಬಡದ್ವಿ ಬಾಗಿಲಾ. ಯಾರೂ ಬರಲಿಲ್ಲ. ಆಕಿ ನನ್ನ ಸೊಸಿ."

ಸಾಹೇಬರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ಅರ್ಥವಾದದ್ದು ‘ಸಮ್‌ಟೈಮ್ಸ್’ ಒಂದೇ.

"ನೋ ಸರ್" ಅಂದರು ಬಾಯಾರು, ಕೂತಲ್ಲಿಂದಲೇ. "ಎವ್ರಿ ಡೇ." ಆ ಗಂಟಲಿಗೆ ವಖಾರದ ತಗಡು ನಡುಗಿತು. "ಎವ್ರಿ ಡೇ, ಮ್ಯಾಡಮ್."

ವಾಚಮನ್ ಬಂದು ಕೊಂಡಿ ತೆಗೆಯುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ನಾಷ್ಟಾ ಯಾರೂ ತಿನ್ನಲಿಲ್ಲ. ಹೊಟ್ಟೆಬಾಕಿ ನಾನು ಕೂಡ.

ಮರುದಿನ ಸಾಹೇಬರ ಕಡೆಯಿಂದ ಕರಡು ಬಂತು. ಗಾಳಿಯ ರಭಸಕ್ಕೆ ಕೊಂಡಿ ಆಕಸ್ಮಿಕವಾಗಿ ಬಿದ್ದುದರಿಂದ ಬಾಗಿಲು ಮುಚ್ಚಿಕೊಂಡಿತು ಎಂದಿತ್ತು, ಅದಕ್ಕೆ ನಿರೀಕ್ಷಕಿಯ ಸಹಿ ಬೇಕು. ಬಾಯಾರು ಓದಿ, ರೊಟ್ಟಿ ತಿಂದ ಕೈ ಒರೆಸಿಕೊಂಡು ಫೋನು ಮಾಡಿದರು. "ಸರ, ಗಾಳಿ ಕೊಂಡಿ ಹಾಕಿ ಚಹಾಕ್ಕೂ ಹೋಗತೈತೇನ್ರಿ?" ಸಹಿ ಮಾಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆದರು, ಯಾರ ಹೆಸರೂ ಇಲ್ಲದೆ. ನನಗೆ ಕೊಟ್ಟು, "ಟೈಪ್ ಮಾಡು, ತಖ್ತೆ ಜೋಡಿ ಕಳಸು" ಅಂದರು.

ಅವರು ಹೊರಗೆ ಹೋದಾಗ ಸಾಹೇಬರು ನನಗೇ ಫೋನು ಮಾಡಿದರು. "ಅದನ್ನ ಸದ್ಯ ತಡೆಹಿಡೀರಿ. ನಿಮ್ಮ ಬಡ್ತಿ ಫೈಲು ನನ್ನ ಟೇಬಲ್ ಮೇಲಿದೆ ಅಲ್ವಾ?" ಆಯ್ತು ಸರ್ ಅಂದೆ. ಫೋನು ಇಟ್ಟೆ. ಆಮೇಲೆ ತಖ್ತೆಗೆ ಅವರ ವರದಿಯನ್ನು ಲಗತ್ತಿಸಿ, ಸಾಹೇಬರಿಗೆ, ಬೆಂಗಳೂರಿಗೆ, ಪ್ರತಿ ಕಳಿಸಬೇಕೆಂದು ಸುತ್ತೋಲೆಯಲ್ಲಿದ್ದ ದಿಲ್ಲಿಯ ವಿಳಾಸಕ್ಕೆ, ಮೂರಕ್ಕೂ ಒಂದೇ ಏಟಿಗೆ ಕಳಿಸಿಬಿಟ್ಟೆ. ನನ್ನ ಬಡ್ತಿ ನಾಲ್ಕು ವರ್ಷ ತಡವಾಗಿ ಬಂತು. ಅದಕ್ಕೆ ಬಾಯಾರನ್ನು ಎಷ್ಟು ಸಲ ಬೈದಿದ್ದೇನೋ, ಕಳಿಸಿದ್ದಕ್ಕೆ ಮಾತ್ರ ಒಂದು ಸಲವೂ ಪಶ್ಚಾತ್ತಾಪ ಪಟ್ಟಿಲ್ಲ.

ಅವರನ್ನು ‘ಸಾರ್ವಜನಿಕ ಹಿತದೃಷ್ಟಿಯಿಂದ’ ದೂರದ ಜಿಲ್ಲೆಗೆ ವರ್ಗ ಮಾಡಿದರು. ಹೋಗುವ ದಿನ ಹಾರ ತುರಾಯಿ ಬೇಡ ಅಂದರು. "ಹಬ್ಬದೊಳಗ ಆಗಲಿಲ್ಲಲ್ಲ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಆ ಸೊಸೆಯ ಚಿಂತೆ ಅವರಿಗೆ.

ಹಬ್ಬ ಮುಗಿದ ವಾರಕ್ಕೆ ಕಾಗದ ಇಳಿದು ಬಂತು. ಜಿನೀವಾ ದಿಲ್ಲಿಯನ್ನು ಕೇಳಿತ್ತು, ದಿಲ್ಲಿ ಬೆಂಗಳೂರನ್ನು, ಬೆಂಗಳೂರು ನಮ್ಮನ್ನು: ಹೊರಗಿನಿಂದ ಮುಚ್ಚುವ ಬಾಗಿಲುಗಳ ಬಗ್ಗೆ ಏನು ಕ್ರಮ ಕೈಗೊಂಡಿರಿ? ಸಾಹೇಬರೇ ಓಡಾಡಿ ವಖಾರಕ್ಕೆ ಆದೇಶ ಮುಟ್ಟಿಸಿದರು. ಅದರ ಪ್ರತಿ ಹಿಡಿದು ನಾನೂ ಹೋದೆ. ಶೇವಂತಾಳನ್ನು ಕೆಲಸದಿಂದ ಬಿಡಿಸಿರಲಿಲ್ಲ. ಪರದೇಶದವಳು ಮಾತಾಡಿಸಿದವಳನ್ನು ಬಿಡಿಸಲು ಸಾವಕಾರರಿಗೆ ಧೈರ್ಯ ಬಂದಿರಲಿಕ್ಕಿಲ್ಲ. ಅಂದೇ ಅವಳ ಸೊಸೆ ಕೆಲಸಕ್ಕೆ ಮರಳಿದ ಮೊದಲ ದಿನ. ಮುಕಾದಮ ಆದೇಶ ಓದಿ, "ಬಡಿಗ್ಯಾ ಮುಂದಿನ ವಾರ ಬರತಾನ್ರಿ, ತಗಸೋಣು" ಅಂದ.

ಸಂಜೆ ಬಾಯಾರಿಗೆ ಫೋನು ಮಾಡಿದೆ. ನನ್ನ ಧ್ವನಿ ಕೇಳಿದ ಕೂಡಲೇ, "ಏನಾತು?" ಅಂದರು.

"ಕೊಂಡಿ ಹೋತ್ರಿ ಬಾಯಾರ."

"ಯಾರು ತಗದ್ರು? ಸಾವಕಾರ ತಗಸಿದನೇನು?"

"ಇಲ್ರಿ. ಶೇವಂತಾ ಕಲ್ಲ ತಗೊಂಡು ಬಡದ್ಲು. ಆಕಿ ಕೈ ಸೋತ ಮ್ಯಾಲ ಸೊಸಿ ಬಡದ್ಲು. ಆಮ್ಯಾಲ ಉಳದ ಹದಿನೈದೂ ಮಂದಿ ಪಾಳೇಕ ನಿಂತು ಬಡದ್ರು. ಮುಕಾದಮ ನೋಡಕೋಂತ ನಿಂತಿದ್ದ."

ಆ ಕಡೆ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು.

"ಹಂಗಾರ ಅದನ್ನ ಹೊಳ್ಳಿ ಹಚ್ಚಾಕ ಯಾರ ಕಡಿಂದೂ ಆಗೂದಿಲ್ಲ ತಗೋ" ಅಂದರು.